ಬಿ.ಎ. ಓದಲು ಯಾವ ಕಾಲೇಜು?



ಏಪ್ರಿಲ್ ತಿಂಗಳಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ತಿಪಟೂರು ಸುತ್ತಿನ ತೆಂಗಿನ ಸೀಮೆಯಲ್ಲಿ ಮದುವೆ ಮನೆಗೆ ಹೋಗಿ, ಕೊಬ್ಬರಿ ಮಂಡಿಗೆ ಹೋಗಿ, ಎಲ್ಲೆಲ್ಲೂ ಒಂದೇ ವಿಚಾರ. ಸಿಇಟಿಯಲ್ಲಿ ಎಷ್ಟನೇ ರ‍್ಯಾಂಕು, ಯಾವ ಕಾಲೇಜಿನಲ್ಲಿ ಯಾವ ಬ್ರಾಂಚು, ನೀಟ್ ಇನ್ನೊಂದು ಸಲ ಬರೆಸುವುದೋ ಬೇಡವೋ. ವಿಜ್ಞಾನ ಓದಿದ ಹುಡುಗನಿಗೆ ದಾರಿ ಹೇಳುವವರು ಹೆಜ್ಜೆಗೊಬ್ಬರು ಸಿಗುತ್ತಾರೆ. ಅದೇ ಮನೆಯಲ್ಲಿ ಕಲಾ ವಿಭಾಗದ ಎಚ್‌ಇಪಿಯೋ ಎಚ್‌ಇಎಸ್ಸೋ ಓದಿ ಪಾಸಾದ ಮಗಳಿದ್ದರೆ, ಅವಳ ಕಾಲೇಜಿನ ಮಾತು ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. “ಬಿ.ಎ. ತಾನೆ? ಎಲ್ಲಿ ಓದಿದರೂ ಒಂದೇ. ಬಸ್ಸು ಸುಲಭವಾಗಿ ಸಿಗುವ ಕಡೆ ಸೇರಿಸಿ.”

ಎಲ್ಲಿ ಓದಿದರೂ ಒಂದೇ ಅಲ್ಲ. ಈ ಹೊತ್ತು ನಿಮ್ಮ ಮುಂದೆ ನಾನು ಹೇಳಬೇಕಾಗಿರುವುದು ಇದನ್ನೇ. ಕಲಾ ವಿಭಾಗದ ಓದಿಗೆ ಕಾಲೇಜು ಆರಿಸುವಾಗ ಎಂಜಿನಿಯರಿಂಗ್‌ಗೆ ಆರಿಸುವಾಗಿನಷ್ಟೇ ಎಚ್ಚರ ಬೇಕು, ಒಂದು ಕೈ ಹೆಚ್ಚೇ ಬೇಕು. ಎಂಜಿನಿಯರಿಂಗ್‌ಗೆ ರ‍್ಯಾಂಕ್ ಪಟ್ಟಿ ಇದೆ, ಕಟ್‌ಆಫ್ ಇದೆ, ಹೋದ ವರ್ಷ ಯಾವ ಕಂಪನಿ ಬಂದಿತ್ತು ಎನ್ನುವ ಲೆಕ್ಕ ಇದೆ. ಬಿ.ಎ.ಗೆ ಅಂಥ ಯಾವುದೂ ಇಲ್ಲ. ನಾವೇ ಹೋಗಿ ನೋಡಬೇಕು, ನಾವೇ ಕೇಳಬೇಕು.

ಎಷ್ಟೋ ತಂದೆತಾಯಿಯರು ನನ್ನನ್ನು ಕೇಳಿದ್ದಾರೆ: “ಬಿ.ಎ. ಓದ್ಕೊಂಡು ಏನ್ ಮಾಡ್ತಾಳೆ ಸಾರ್?” ಸಿಟ್ಟಿನ ಪ್ರಶ್ನೆಯಲ್ಲ, ಆತಂಕದ ಪ್ರಶ್ನೆ ಅದು. ಉತ್ತರ ಹೇಳುವೆ. ಶಾಲೆಯ ಮೇಷ್ಟ್ರು, ಕಾಲೇಜಿನ ಉಪನ್ಯಾಸಕರು, ವಕೀಲರು, ಪತ್ರಕರ್ತರು, ಪಿಡಿಒ, ತಹಸೀಲ್ದಾರರು — ಇವರಲ್ಲಿ ದೊಡ್ಡ ಪಾಲಿನವರು ಇದೇ ಬಾಗಿಲಿನಿಂದ ಹೋದವರು. ಕೆಪಿಎಸ್‌ಸಿ ಪರೀಕ್ಷೆಯನ್ನಷ್ಟೇ ಅಲ್ಲ, ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಆದರೆ ಹೀಗೆ ಹೋದವರೆಲ್ಲ ಪದವಿ ಪತ್ರದ ಬಲದಿಂದ ಹೋದವರಲ್ಲ. ಮೂರು ವರ್ಷ ಓದಿದ್ದು ಮೈಗೆ ಹತ್ತಿದ್ದರಿಂದ ಹೋದವರು. ಅದು ಹತ್ತುವುದು ಬಿಡುವುದು ಬಹಳಮಟ್ಟಿಗೆ ಕಾಲೇಜಿನ ಮೇಲೆ ನಿಂತಿದೆ.

ನಮ್ಮದೇ ನೆಲದ ಇಬ್ಬರನ್ನು ನೆನೆಯೋಣ. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಬಿ.ಎಂ.ಶ್ರೀ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಅವರು ಪಾಠ ಹೇಳುತ್ತಿದ್ದ ಆ ಕಾಲೇಜಿಗೇ ತೀ.ನಂ.ಶ್ರೀ. ವಿದ್ಯಾರ್ಥಿಯಾಗಿ ಹೋದರು. ಒಬ್ಬರು ‘ಇಂಗ್ಲಿಷ್ ಗೀತಗಳು’ ಕೊಟ್ಟು ಕನ್ನಡ ಕಾವ್ಯದ ದಿಕ್ಕು ತಿರುಗಿಸಿದರು. ಇನ್ನೊಬ್ಬರು ‘ಭಾರತೀಯ ಕಾವ್ಯಮೀಮಾಂಸೆ’ ಬರೆದರು. ಅಕ್ಕಪಕ್ಕದ ಎರಡು ತಾಲ್ಲೂಕುಗಳ ಹಳ್ಳಿಗಳಿಂದ ಹೋದವರು ಒಂದು ಕಾಲೇಜಿನಲ್ಲಿ ಕೂಡಿದ್ದರಿಂದ ಕನ್ನಡಕ್ಕೆ ಎಷ್ಟು ಲಾಭವಾಯಿತು ನೋಡಿ. ಬಿ.ಎಂ.ಶ್ರೀ. ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. ಧಾರವಾಡದಲ್ಲಿ ಹೊಸದಾಗಿ ಆರಂಭವಾದ ಕಲಾ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. 1946ರಲ್ಲಿ ಅಲ್ಲೇ ತೀರಿಕೊಂಡರು.

ಅದೇ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅದೇ ಮೈಸೂರಿನ ಆಕಾಶವಾಣಿ. ಈ ಹೊತ್ತು ಬಾನುಲಿಯಲ್ಲಿ ನಾನು ಮಾತನಾಡುತ್ತಿರುವುದೂ ನೀವು ಕೇಳುತ್ತಿರುವುದೂ ಒಬ್ಬ ಆರ್ಟ್ಸ್ ಕಾಲೇಜಿನ ಮೇಷ್ಟ್ರ ಋಣ.

ಆಯಿತು, ಮಹಾರಾಜಾ ಕಾಲೇಜು ದೊಡ್ಡದು, ಅರಮನೆಯ ಬೆಂಬಲವಿತ್ತು ಎನ್ನಬಹುದು. ಚಿಕ್ಕ ಕಾಲೇಜಿನ ಮಾತಿಗೇ ಬರೋಣ. ಅಮೆರಿಕದಲ್ಲಿ ಲಿಬರಲ್ ಆರ್ಟ್ಸ್ ಕಾಲೇಜುಗಳೆಂದು ಇವೆ. ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜು 1793ರಿಂದ ನಡೆಯುತ್ತಿದೆ. ಇಂದಿಗೂ ಅಲ್ಲಿರುವುದು ಸುಮಾರು 2,000 ವಿದ್ಯಾರ್ಥಿಗಳು. ಬೇಕೆಂದೇ ಚಿಕ್ಕದಾಗಿ ಉಳಿದಿದೆ. ಮೇಷ್ಟ್ರಿಗೆ ಪ್ರತಿ ವಿದ್ಯಾರ್ಥಿಯ ಹೆಸರು ಗೊತ್ತಿರಬೇಕು, ಬರೆದದ್ದನ್ನು ಕೂತು ತಿದ್ದಬೇಕು, ಒಬ್ಬನೇ ಹುಡುಗ ಚರಿತ್ರೆಯನ್ನೂ ಗಣಿತವನ್ನೂ ಸಂಗೀತವನ್ನೂ ಓದಲು ಆಗಬೇಕು ಎನ್ನುವುದು ಅಲ್ಲಿನ ಪದ್ಧತಿ. ಆದರೆ ಆ ಕಾಲೇಜುಗಳ ಶುಲ್ಕ ನಮ್ಮ ಲೆಕ್ಕಕ್ಕೆ ನಿಲುಕುವುದಲ್ಲ.

ನಮ್ಮಲ್ಲೂ ಇಂಥದ್ದು ನಡೆದಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜು 1949ರಲ್ಲಿ ಶುರುವಾದದ್ದು. ಕು.ಶಿ. ಹರಿದಾಸ ಭಟ್ಟರು ಅಲ್ಲಿ ಪ್ರಿನ್ಸಿಪಾಲರಾಗಿದ್ದವರು. ಯಕ್ಷಗಾನ ಕಲಿಸುವ ಕೇಂದ್ರ ಆ ಕಾಲೇಜಿನ ಆಶ್ರಯದಲ್ಲಿ ಬೆಳೆಯಿತು. ಆರು ಸಂಪುಟಗಳ ತುಳು ನಿಘಂಟು ಆ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಸಿದ್ಧವಾಯಿತು, ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ. ವಿಶ್ವವಿದ್ಯಾಲಯಗಳು ಮಾಡಬೇಕಾದ ಕೆಲಸವನ್ನು ಊರಿನ ಒಂದು ಕಾಲೇಜು ಮಾಡಿತು. ಹಾಗೆಯೇ ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಪಡೆದು ಬಂದ ಮೇಲೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲೇ ಬದುಕು ಕಳೆದರು. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ತೆರೆಸಿದರು. ಬರದ ಸೀಮೆಯ ಮಕ್ಕಳೂ ಒಳ್ಳೆಯ ಕಾಲೇಜಿನಲ್ಲಿ ಓದಲಿ ಎನ್ನುವುದೊಂದೇ ಅವರ ಹಟ.

ಈಗ ನಮ್ಮ ಸೀಮೆಗೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು — ಎಲ್ಲ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ತಿಪಟೂರಿನಲ್ಲಿ ಪಲ್ಲಾಗಟ್ಟಿ ಅಡವಪ್ಪ ಕಲಾ ಮತ್ತು ವಾಣಿಜ್ಯ ಕಾಲೇಜಿದೆ. ತುಮಕೂರಿನಲ್ಲಿ ವಿಶ್ವವಿದ್ಯಾನಿಲಯದ ಕಲಾ ಕಾಲೇಜಿದೆ, ಹಾಸನದಲ್ಲಿ ಸರ್ಕಾರಿ ಕಲಾ ಕಾಲೇಜಿದೆ. ತಾಲ್ಲೂಕಿನ ಕಾಲೇಜು ಚಿಕ್ಕದು ಎಂದು ಮೂಗು ಮುರಿಯಬೇಡಿ. ತರಗತಿಯಲ್ಲಿ ಮೂವತ್ತೋ ನಲವತ್ತೋ ಮಕ್ಕಳಿದ್ದರೆ ಅದು ಭಾಗ್ಯ. ಅಮೆರಿಕದವರು ದುಡ್ಡು ಸುರಿದು ಕೊಳ್ಳುವುದು ಅದನ್ನೇ. ನೋಡಬೇಕಾದದ್ದು ಬೇರೆ: ಆ ಮೂವತ್ತು ಮಕ್ಕಳ ಮುಂದೆ ಪಾಠ ಹೇಳುವವರು ಯಾರು?

ಇಲ್ಲಿ ಸಂಕಟದ ಮಾತೊಂದನ್ನು ಹೇಳಬೇಕಾಗಿದೆ. ರಾಜ್ಯದಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳಿವೆ. ಅಲ್ಲಿನ ಪಾಠದ ದೊಡ್ಡ ಹೊರೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆಯೇ 10,000 ದಾಟುತ್ತದೆ. ಅವರಲ್ಲಿ ಎಂಥೆಂಥ ಒಳ್ಳೆಯ ಮೇಷ್ಟ್ರುಗಳಿದ್ದಾರೆಂದು ನಾನು ಬಲ್ಲೆ. ಆದರೆ ಸೆಮಿಸ್ಟರ್ ಆರಂಭವಾದ ಎಷ್ಟೋ ದಿನದ ಮೇಲೆ ಅವರ ನೇಮಕದ ಆದೇಶ ಬಂದರೆ ಅಷ್ಟು ದಿನದ ಪಾಠ ಹೋದಂತೆಯೇ. 2023ರ ನವೆಂಬರಿನಲ್ಲಿ ಸೇವಾ ಭದ್ರತೆ ಕೇಳಿ ಅವರು ಮುಷ್ಕರಕ್ಕೆ ಕೂತರು, ಹೊಸ ವರ್ಷ ಬಂದರೂ ಮುಗಿಯಲಿಲ್ಲ. ತಪ್ಪು ಅವರದಲ್ಲ. ಓದು ಕಳೆದುಕೊಂಡವರು ಮಾತ್ರ ಹಳ್ಳಿಯ ಮಕ್ಕಳೇ. ಆದ್ದರಿಂದ ಕಾಲೇಜಿಗೆ ಹೋದಾಗ ಸಂಕೋಚವಿಲ್ಲದೆ ಕೇಳಿ. ಚರಿತ್ರೆಗೆ ಕಾಯಂ ಅಧ್ಯಾಪಕರು ಇದ್ದಾರೆಯೇ? ಅರ್ಥಶಾಸ್ತ್ರಕ್ಕೆ? ಹೋದ ವರ್ಷ ಪಾಠ ಯಾವ ತಿಂಗಳು ಶುರುವಾಯಿತು, ಸಿಲಬಸ್ ಮುಗಿಯಿತೇ? ಕಚೇರಿಯವರ ಉತ್ತರ ಕೇಳಿದ ಮೇಲೆ, ಎರಡನೇ ವರ್ಷದಲ್ಲಿ ಓದುತ್ತಿರುವ ಇಬ್ಬರು ಮಕ್ಕಳನ್ನೂ ಹೊರಗೆ ನಿಲ್ಲಿಸಿಕೊಂಡು ಅದನ್ನೇ ಕೇಳಿ. ಕಾಯಿ ಒಣಗಿದೆಯೋ ಇಲ್ಲವೋ ಎಂದು ಅಟ್ಟದಿಂದ ಒಂದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಜನ ನಾವು. ಮಗಳ ಮೂರು ವರ್ಷವನ್ನು ಅಷ್ಟೂ ನೋಡದೆ ಒಪ್ಪಿಸಿಬಿಟ್ಟರೆ ಹೇಗೆ?

ಮುಂದಿನದು ಗ್ರಂಥಾಲಯ. ಲೈಬ್ರರಿ ಇದೆಯೇ ಎಂದು ಕೇಳಿದರೆ ಎಲ್ಲ ಕಾಲೇಜಿನವರೂ ಇದೆ ಎನ್ನುತ್ತಾರೆ. ಎಷ್ಟು ಪುಸ್ತಕ ಎಂದರೆ ಸಾವಿರಗಟ್ಟಲೆ ಲೆಕ್ಕ ಕೊಡುತ್ತಾರೆ. ಲೆಕ್ಕ ಬೇಡ. ಒಳಗೆ ಹೋಗಿ. ಬೀರುವಿಗೆ ಬೀಗ ಹಾಕಿದೆಯೋ, ಮಕ್ಕಳು ಕೈಯಾಡಿಸಿ ತೆಗೆದುಕೊಳ್ಳಬಹುದೋ ಎಂಬುದು ಮೊದಲು ಕಣ್ಣಿಗೆ ಬೀಳುತ್ತದೆ. ಆಮೇಲೆ ಕಥೆ ಕಾದಂಬರಿ ಅಲ್ಲದ ಒಂದು ಪುಸ್ತಕ ಕೈಗೆ ತೆಗೆದುಕೊಳ್ಳಿ. ತೀ.ನಂ.ಶ್ರೀ.ಯವರ ‘ಭಾರತೀಯ ಕಾವ್ಯಮೀಮಾಂಸೆ’ ಇದ್ದರೆ ಅದನ್ನೇ ತೆಗೆಯಿರಿ. ಕೊನೆಯ ಪುಟದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಪುಸ್ತಕ ಹಿಂದಿರುಗಿಸಬೇಕಾದ ದಿನಾಂಕದ ಮುದ್ರೆ ಅದರ ಮೇಲೆ ಒಂದರ ಕೆಳಗೊಂದು ಬಿದ್ದಿರುತ್ತದೆ. ಚೀಟಿ ತುಂಬಿ, ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ಆ ಕಾಲೇಜಿನಲ್ಲಿ ಓದು ಜೀವಂತವಾಗಿದೆ. ಕೊನೆಯ ಮುದ್ರೆ ಹದಿನೈದು ವರ್ಷದ ಹಿಂದಿನದಾಗಿದ್ದರೆ, ಕಟ್ಟಡಕ್ಕೆ ಎಷ್ಟು ಬಣ್ಣ ಬಳಿದಿದ್ದರೂ ಎರಡು ಸಲ ಯೋಚನೆ ಮಾಡಿ. ಈಚೆಗೆ ಕೆಲವು ಕಾಲೇಜುಗಳಲ್ಲಿ ಈ ಲೆಕ್ಕ ಕಂಪ್ಯೂಟರಿನಲ್ಲಿದೆ. ಅಲ್ಲೂ ಗ್ರಂಥಪಾಲಕರನ್ನು ಕೇಳಿದರೆ ಹೇಳುತ್ತಾರೆ. ಅಂದಹಾಗೆ, ಕಾಯಂ ಗ್ರಂಥಪಾಲಕರು ಇದ್ದಾರೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ.

ಕಾಲೇಜಿನವರನ್ನು ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾನು ಬಹಳ ಮುಖ್ಯವೆಂದು ತಿಳಿದಿದ್ದೇನೆ. ಮಕ್ಕಳನ್ನು ಹೋದ ವರ್ಷ ಯಾವ ಜಾಗಕ್ಕೆ ಕರೆದುಕೊಂಡು ಹೋಗಿದ್ದಿರಿ, ಏನು ಬರೆಸಿದಿರಿ? ನಮ್ಮ ಮೂರು ತಾಲ್ಲೂಕುಗಳಲ್ಲಿ ಕಲಾ ವಿಭಾಗದ ಮಕ್ಕಳಿಗೆ ಕಲಿಯುವ ಸಾಮಗ್ರಿ ಬೇಕಾದಷ್ಟಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಒಂಬತ್ತನೇ ಶತಮಾನದ್ದು. ಅದರ ಒಳಮಾಳಿಗೆಯಲ್ಲಿ ಕುಣಿಯುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಕತ್ತೆತ್ತಿ ನೋಡಿದರೆ ನೋಡುತ್ತಲೇ ಇರಬೇಕೆನಿಸುತ್ತದೆ. ತುರುವೇಕೆರೆ ತಾಲ್ಲೂಕಿನ ನಾಗಲಾಪುರದಲ್ಲಿ ಹೊಯ್ಸಳರ ಎರಡು ದೇವಾಲಯಗಳಿವೆ. ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟದಲ್ಲಿ 1904ರಲ್ಲೇ ಅಚ್ಚು ಹಾಕಿಸಿದ್ದಾರೆ. ನಿಮ್ಮೂರ ಕೆರೆ ಏರಿಯ ಮೇಲಿನ ಕಲ್ಲಿನಲ್ಲಿ ಏನಿದೆಯೆಂದು ಅದರಲ್ಲಿ ಹುಡುಕಬಹುದು. ಚಿಕ್ಕನಾಯಕನಹಳ್ಳಿ ಕಡೆಯ ಅದಿರು ಗಣಿಗಳು ಸುಪ್ರೀಂ ಕೋರ್ಟಿನ ಆದೇಶದಿಂದ 2011ರಲ್ಲಿ ನಿಂತವು. ಅದರಿಂದ ಲಾರಿ ಸಾಲ ಮಾಡಿದವರಿಗೆ ಏನಾಯಿತು, ಧೂಳು ಕುಡಿಯುತ್ತಿದ್ದ ಅಡಕೆ ತೆಂಗಿಗೆ ಏನಾಯಿತು ಎಂಬುದು ಅರ್ಥಶಾಸ್ತ್ರವೂ ಹೌದು, ರಾಜ್ಯಶಾಸ್ತ್ರವೂ ಹೌದು. ಇನ್ನು ತಿಪಟೂರಿನ ಕೊಬ್ಬರಿ ಹರಾಜು, ನಾಫೆಡ್ ಖರೀದಿ ಕೇಂದ್ರದ ಮುಂದಿನ ಸರದಿ. ಒಬ್ಬ ಒಳ್ಳೆಯ ಮೇಷ್ಟ್ರು ಒಂದು ಸೆಮಿಸ್ಟರ್ ಪಾಠವನ್ನು ಅಲ್ಲಿಯೇ ಹೇಳಬಲ್ಲರು. ಇದನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು ಗೈಡ್ ಓದಿಸಿ ಪಾಸು ಮಾಡಿಸುವ ಕಾಲೇಜಿಗೂ, ಒಂದು ಶಾಸನದ ನಕಲನ್ನು ಮಕ್ಕಳ ಕೈಯಲ್ಲಿ ಬರೆಸಿಕೊಂಡು ಬರುವ ಕಾಲೇಜಿಗೂ ಅಜಗಜಾಂತರ.

ವಿಷಯಗಳ ಕಾಂಬಿನೇಷನ್ ಬಗ್ಗೆ ಒಂದು ಎಚ್ಚರಿಕೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ರಾಜ್ಯ ಸರ್ಕಾರ ಕೈಬಿಟ್ಟು, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದಿದೆ. ಅಕ್ಕ ಓದಿದ ಹಾಗೆ ತಂಗಿಗೂ ಇರುತ್ತದೆಂದು ತಿಳಿಯಬೇಡಿ. ಮಗಳಿಗೆ ಶಿಕ್ಷಕಿಯಾಗುವ ಆಸೆಯಿದ್ದರೆ, ಬಿ.ಎ.ಯಲ್ಲಿ ಯಾವ ವಿಷಯ ತೆಗೆದುಕೊಂಡರೆ ಬಿ.ಎಡ್.ನಲ್ಲಿ ಯಾವ ವಿಷಯ ಸಿಗುತ್ತದೆ, ಯಾವ ಹುದ್ದೆಗೆ ಅರ್ಜಿ ಹಾಕಬಹುದು ಎನ್ನುವುದನ್ನು ಸೇರುವ ಮೊದಲೇ ಕೇಳಿಕೊಳ್ಳಿ. ಐಚ್ಛಿಕ ಇಂಗ್ಲಿಷ್ ಓದಬೇಕೆನ್ನುವ ಹುಡುಗಿಗೆ ತಾಲ್ಲೂಕು ಕಾಲೇಜಿನಲ್ಲಿ ಅದು ಸಿಗದಿರಬಹುದು. ಐಚ್ಛಿಕ ಕನ್ನಡ, ಭೂಗೋಳ, ಮನಶ್ಶಾಸ್ತ್ರ — ಇವೂ ಎಲ್ಲ ಕಡೆ ಇಲ್ಲ. ಬೇಕಾದ ವಿಷಯ ಇಲ್ಲದಿದ್ದರೆ ತುಮಕೂರಿಗೋ ಹಾಸನಕ್ಕೋ ಕಳಿಸಲು ಅದು ಸಾಕಾದ ಕಾರಣ.

ಹಣದ ಮಾತಾಡದೆ ವಿಧಿಯಿಲ್ಲ. ಕೊಬ್ಬರಿಯ ಧಾರಣೆ ಹೇಗೆ ಏರಿಳಿಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಪೇಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿ ಮೇಲೆ ಹೋಯಿತು. ಬೆಲೆ ಏರಿದ ವರ್ಷ ಬೆಂಗಳೂರಿನ ದುಬಾರಿ ಕಾಲೇಜಿಗೆ ಸೇರಿಸಿ, ಇಳಿದ ವರ್ಷ ಶುಲ್ಕ ಕಟ್ಟಲಾಗದೆ ಓದು ಬಿಡಿಸಿದ ಮನೆಗಳಿವೆ. ಬೆಲೆ ಬಿದ್ದ ವರ್ಷದ ಆದಾಯದಲ್ಲೂ ಮೂರನೇ ವರ್ಷದ ಖರ್ಚು ತೂಗಿಸಬಲ್ಲೆವೇ ಎಂದು ಲೆಕ್ಕ ಹಾಕಿ ಆಮೇಲೆ ನಿರ್ಧರಿಸಿ. ಬಿಸಿಎಂ ಹಾಸ್ಟೆಲು, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು ಎಲ್ಲಿವೆ, ಅರ್ಜಿ ಯಾವಾಗ ಎಂದು ವಿಚಾರಿಸಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ಈಗ ಕರ್ನಾಟಕದಲ್ಲೂ ಇದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ದಿನವೂ ತುಮಕೂರಿಗೆ ಹೋಗಿ ಬರಲು ಟಿಕೆಟ್ಟಿನ ಅಡ್ಡಿ ಇಲ್ಲ. ಇದು ನಮ್ಮ ಹಳ್ಳಿಯ ಹುಡುಗಿಯರ ಪಾಲಿಗೆ ಸಣ್ಣ ಸಂಗತಿಯಲ್ಲ. ಆದರೆ ತಿಪಟೂರಿನಿಂದ ತುಮಕೂರಿಗೆ 70 ಕಿಲೋಮೀಟರಿನ ಆಸುಪಾಸು. ಹಳ್ಳಿಯಿಂದ ತಾಲ್ಲೂಕಿಗೆ ಬರುವ ದಾರಿ ಬೇರೆ. ಕಾಲೇಜಿನ ವೇಳಾಪಟ್ಟಿಯನ್ನೂ ಬಸ್ಸಿನ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಊರಿಗೆ ಹೋಗುವ ಸಂಜೆಯ ಬಸ್ಸು ಹಿಡಿಯಬೇಕೆಂದು ಮಗಳು ದಿನವೂ ಕೊನೆಯ ಪಿರಿಯಡ್ ಬಿಟ್ಟು ಓಡುವುದಾದರೆ, ಲೈಬ್ರರಿಯಲ್ಲಿ ಒಂದು ಗಂಟೆ ಕೂರಲು ಆಗದಿದ್ದರೆ, ದೂರದ ದೊಡ್ಡ ಕಾಲೇಜಿಗಿಂತ ಹತ್ತಿರದ್ದೇ ಲೇಸು. ಇಲ್ಲವೇ ಹಾಸ್ಟೆಲು ಸಿಗುವ ಕಡೆ ನೋಡಿ.

ಚೆನ್ನಾಗಿ ಓದುವ, ಮನೆ ಬಿಟ್ಟು ಇರುವ ಧೈರ್ಯವಿರುವ ಮಕ್ಕಳಿಗೆ ಇನ್ನೂ ಕೆಲವು ಬಾಗಿಲುಗಳಿವೆ. ಮೈಸೂರಿನ ಮಹಾರಾಜಾ ಮತ್ತು ಮಹಾರಾಣಿ ಕಾಲೇಜುಗಳು ಇದ್ದೇ ಇವೆ. ಮೈಸೂರಿನಲ್ಲೇ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಬಿ.ಎ.ಯನ್ನೂ ಬಿ.ಎಡ್.ಅನ್ನೂ ಸೇರಿಸಿ ನಾಲ್ಕು ವರ್ಷದಲ್ಲಿ ಮುಗಿಸುವ ಕೋರ್ಸ್ ಅಲ್ಲಿನದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪಾಠ ಇಂಗ್ಲಿಷಿನಲ್ಲಿ, ಶುಲ್ಕವೂ ಹೆಚ್ಚು; ಆದರೆ ಮನೆಯ ಆದಾಯ ನೋಡಿ ಶುಲ್ಕ, ವಸತಿಗೆ ನೆರವು ಕೊಡುತ್ತಾರೆ. ಕಲಬುರಗಿ ಹತ್ತಿರ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇವುಗಳಲ್ಲಿ ಕೆಲವಕ್ಕೆ ಪ್ರವೇಶ ಪರೀಕ್ಷೆ ಇದೆ, ಅರ್ಜಿಯ ಗಡುವು ಪಿಯುಸಿ ಫಲಿತಾಂಶಕ್ಕೆ ಮೊದಲೇ ಮುಗಿದಿರುತ್ತದೆ. ನಮ್ಮ ಮಕ್ಕಳು ತಪ್ಪಿಸಿಕೊಳ್ಳುತ್ತಿರುವುದು ಇಲ್ಲೇ. ಅಂಕ ಬಂದ ಮೇಲೆ ಯೋಚಿಸೋಣ ಎಂದು ಕೂತರೆ ಉಳಿಯುವುದು ಪಕ್ಕದ ಕಾಲೇಜಿನ ಯುಯುಸಿಎಂಎಸ್ ಪ್ರವೇಶ ಅರ್ಜಿ ಮಾತ್ರ. ದೀಪಾವಳಿ ಹೊತ್ತಿಗೇ, ಮಗಳು ಎರಡನೇ ಪಿಯುಸಿಯ ನಡುವೆ ಇರುವಾಗಲೇ ಈ ವಿಚಾರ ಶುರುವಾಗಬೇಕು. ಪಿಯು ಕಾಲೇಜಿನ ಉಪನ್ಯಾಸಕ ಮಿತ್ರರು ಈ ದಿನಾಂಕಗಳನ್ನು ನೋಟಿಸ್ ಬೋರ್ಡಿಗೆ ಹಾಕಿ, ತರಗತಿಯಲ್ಲಿ ಓದಿ ಹೇಳಿದರೆ ದೊಡ್ಡ ಉಪಕಾರ. ಎಚ್‌ಇಪಿ ಮಕ್ಕಳಿಗೆ ಇದನ್ನು ಹೇಳುವವರು ನೀವಲ್ಲದೆ ಬೇರೆ ಯಾರೂ ಇಲ್ಲ.

“ಹೆಣ್ಣುಮಗು, ಅಷ್ಟು ದೂರ ಹೇಗೆ ಸಾರ್ ಕಳಿಸೋದು?” ಎನ್ನುವವರ ಭಯ ನನಗೆ ಅರ್ಥವಾಗುತ್ತದೆ. ಕಳಿಸಲೇಬೇಕೆಂದು ಹಟ ಹಿಡಿಯಲಾರೆ. ಆದರೆ ಅಣ್ಣನನ್ನು ಡೊನೇಷನ್ ಕೊಟ್ಟು ಬೆಂಗಳೂರಿಗೆ ಕಳಿಸಿ, ಅವನಿಗಿಂತ ಚೆನ್ನಾಗಿ ಓದುವ ತಂಗಿಗೆ ಬಸ್ಸಿನ ನೆಪ ಹೇಳುವುದು ಅನ್ಯಾಯ. ಅದನ್ನು ಅನ್ಯಾಯವೆಂದೇ ಕರೆಯುತ್ತೇನೆ.

ಈ ವರ್ಷ ಮನೆಯಲ್ಲಿ ಪಿಯುಸಿ ಮಗು ಇರುವ ತಂದೆತಾಯಿಯರಲ್ಲಿ ನನ್ನದೊಂದು ಬಿನ್ನಹ. ರಜೆಯ ದಿನ ಬೇಡ, ಪಾಠ ನಡೆಯುವ ದಿನ, ಮಗುವನ್ನು ಕರೆದುಕೊಂಡು ಎರಡು ಮೂರು ಕಾಲೇಜುಗಳಿಗೆ ಹೋಗಿ ಬನ್ನಿ. ಮೇಷ್ಟ್ರನ್ನು ಮಾತನಾಡಿಸಿ, ಲೈಬ್ರರಿ ನೋಡಿ, ಓದುತ್ತಿರುವ ಮಕ್ಕಳನ್ನು ಕೇಳಿ, ಬಸ್ಸಿನ ಸಮಯ ಬರೆದುಕೊಳ್ಳಿ. ಕಾಲೇಜುಗಳ ಪ್ರಾಂಶುಪಾಲರಲ್ಲೂ ಒಂದು ಮಾತು: ಹೀಗೆ ಬಂದ ರೈತರನ್ನು, ಅಡ್ಮಿಷನ್ ಆದ ಮೇಲೆ ಬನ್ನಿ ಎಂದು ಗೇಟಿನಿಂದಲೇ ಕಳಿಸಬೇಡಿ. ಒಳಗೆ ಕರೆದು ತರಗತಿ ತೋರಿಸಿ.